ಅವ್ವನ ಕೌದಿ ಮತ್ತು ಕಳೆದುಹೋದ ಪೆಟ್ಟಿಗೆ

ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹೊರಡುವ ಹೊತ್ತಿಗೆ ಸೊಲ್ಲಾಪುರದ ರೈಲು ನಿಲ್ದಾಣದಲ್ಲಿ ಒಮ್ಮೆ ನಿಂತು ನೋಡಬೇಕು. ಮುಂಬಯಿಗೆ ಹೋಗುವ ಜನರಿಗಿಂತ ಅವರ ಗಂಟುಗಳೇ ಹೆಚ್ಚಾಗಿ ಕಾಣುತ್ತವೆ. ಹಗ್ಗ ಬಿಗಿದ ಚಾದರದ ಕಟ್ಟುಗಳು, ಖಡಕ್ ರೊಟ್ಟಿಯ ರಟ್ಟಿನ ಡಬ್ಬಿಗಳು, ಶೇಂಗಾ ಚಟ್ನಿಯ ಪೊಟ್ಟಣಗಳು, ಮಗನ ಮನೆಗೆಂದು ಹೊಲದಿಂದ ಬಂದ ಜೋಳದ ಚೀಲಗಳು. ಈ ಊರಿನಿಂದ ಹೊರಡುವವನು ಬರಿಗೈಯಲ್ಲಿ ಹೊರಟುದನ್ನು ನಾನು ಕಂಡಿಲ್ಲ. ಸೊಲ್ಲಾಪುರದ ಚಾದರಕ್ಕೆ 2005ರಲ್ಲಿಯೇ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೆ ಅದಕ್ಕಿಂತ ಬಹು ಹಿಂದಿನಿಂದಲೂ ನಮ್ಮ ಜನ ಹೋದಲ್ಲೆಲ್ಲ ಅದನ್ನು ಹೆಗಲ ಮೇಲೆ ಹೊತ್ತುಕೊಂಡೇ ಹೋಗಿದ್ದಾರೆ.

2025ರ ಫೆಬ್ರುವರಿಯ ಒಂದು ರಾತ್ರಿ ನಾನೂ ಅದೇ ಗಾಡಿಗಾಗಿ ಕಾಯುತ್ತ ನಿಂತಿದ್ದೆ. ಹೋಟಗಿ ರಸ್ತೆಯ ವಿಮಾನ ನಿಲ್ದಾಣಕ್ಕೆ ಅಡ್ಡವಾಗಿದೆಯೆಂದು ಸಕ್ಕರೆ ಕಾರ್ಖಾನೆಯ ಚಿಮಣಿಯನ್ನು ಕೆಡವಿ ಆಗಲೇ ಒಂದೂವರೆ ವರ್ಷ ಕಳೆದಿತ್ತು. ಗೋವೆಗೆ ವಿಮಾನ ಆರಂಭವಾದದ್ದು ಆ ಮೇಲೆ, ಜೂನ್ ತಿಂಗಳಲ್ಲಿ. ಆದ್ದರಿಂದ ಅಕ್ಕಲಕೋಟದಿಂದ ಲಂಡನ್ನಿಗೆ ಹೋಗುವವನಿಗೆ ಅಂದಿನ ದಾರಿಯೆಂದರೆ ವಳಸಂಗ, ಕುಂಭಾರಿಗಳ ಮೇಲೆ ಹಾದು ಸೊಲ್ಲಾಪುರ, ಸೊಲ್ಲಾಪುರದಿಂದ ರಾತ್ರಿಯಿಡೀ ರೈಲಿನಲ್ಲಿ ಮುಂಬಯಿ, ಅಲ್ಲಿಂದ ವಿಮಾನ.

ಲಂಡನ್ನಿನ ಪಶ್ಚಿಮ ಅಂಚಿನ ಹೌನ್ಸ್‌ಲೋದಲ್ಲಿ ನನ್ನ ತಂಗಿ ಇದ್ದಾಳೆ. ಅವಳಿಗೆ ಹೆಣ್ಣು ಕೂಸು ಹುಟ್ಟಿ ಮೂರನೆಯ ತಿಂಗಳು ನಡೆದಿತ್ತು. ಬಾಣಂತನಕ್ಕೆ ಹೋಗಬೇಕಾಗಿದ್ದ ಅವ್ವನಿಗೆ ಮೊಣಕಾಲಿನ ನೋವು. ಮೆಟ್ಟಿಲು ಹತ್ತುವುದೇ ಕಷ್ಟ. ತೊಟ್ಟಿಲಿಗೆ ಹಾಕುವ ದಿನಕ್ಕಾದರೂ ತವರಿನವರೊಬ್ಬರು ಇರಬೇಕೆಂದು ನಾನು ಹೊರಟೆ. ಅವ್ವ ಬರಲಾರದ ಕೊರತೆಯನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ತುಂಬಿ ಕಳಿಸಿದಳು: ಅಂಟಿನುಂಡಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಎರಡು ಕುಲಾಯಿ, ಒಂದು ಚಾದರ, ಎಲ್ಲಕ್ಕಿಂತ ಮೇಲೆ ಒಂದು ಕೌದಿ. ಆ ಕೌದಿಯನ್ನು ಹೊಲಿಯಲು ಅವ್ವ ಐದು ತಿಂಗಳು ತೆಗೆದುಕೊಂಡಿದ್ದಳು. ದೃಷ್ಟಿ ಮಂದವಾಗಿದ್ದರಿಂದ ಸೂಜಿಗೆ ದಾರ ಪೋಣಿಸುವ ಕೆಲಸ ನನ್ನ ಮಗಳದು. ಹೊಲಿಗೆ ಮಾತ್ರ ಅವ್ವನದೇ.

"ತಮ್ಮಾ, ಕೌದಿ ಕೆಳಗ ಇಡಬ್ಯಾಡ, ಮ್ಯಾಲ ಇಡು. ಪೆಟ್ಟಿಗಿ ತಗದ ಕೂಡಲೆ ಆಕಿ ಕೈಗೆ ಅದೇ ಹತ್ತಬೇಕು" ಎಂದು ಅವ್ವ ಎರಡು ಸಲ ಹೇಳಿದಳು.

ಪೆಟ್ಟಿಗೆ ಮುಚ್ಚುವ ಮುನ್ನ ನಡೆದ ಒಂದು ಸಂಗತಿಯನ್ನು ಹೇಳಲೇಬೇಕು. ನಮ್ಮ ತಂದೆಯವರು ಮೈಂದರ್ಗಿಯವರು. ಯಾವ ಚೀಲವಿದ್ದರೂ ಅದರೊಳಗೆ ಹೆಸರು, ಊರು ಬರೆದ ಒಂದು ಚೀಟಿ ಇಡುವುದು ಅವರ ರೂಢಿಯಾಗಿತ್ತು. ನಾನು ಚಿಕ್ಕವನಿದ್ದಾಗ ಒಮ್ಮೆ ಸೊಲ್ಲಾಪುರದಿಂದ ಬರುವಾಗ ಎಸ್.ಟಿ. ಬಸ್ಸಿನಲ್ಲಿ ಅವರ ಚೀಲ ಉಳಿದುಹೋಯಿತು. ಅದರಲ್ಲಿ ಹೊಲದ ಕಾಗದಪತ್ರಗಳಿದ್ದವು. ಮರುದಿನ ಅಕ್ಕಲಕೋಟದ ಬಸ್ ನಿಲ್ದಾಣದಲ್ಲಿ ಕಂಡಕ್ಟರರು ಮೈಂದರ್ಗಿಯ ಬಸ್ಸಿನವರ ಕೈಯಲ್ಲಿ ಆ ಚೀಲವನ್ನು ಕೊಟ್ಟು ಕಳಿಸಿದರು. ಚೀಟಿಯಿತ್ತು, ಹೆಸರು ತಿಳಿಯಿತು, ಚೀಲ ಮನೆಗೆ ಬಂತು. ಈ ಕಥೆಯನ್ನು ಅವ್ವ ನನ್ನ ಮಗಳಿಗೆ ಎಷ್ಟು ಸಲ ಹೇಳಿದ್ದಳೋ! ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಆರನೆಯ ತರಗತಿಯಲ್ಲಿ ಓದುವ ಅವಳು ಅಜ್ಜಿಯ ಮಾತಿನಂತೆ ವಹಿಯಿಂದ ಒಂದು ಗೆರೆಹಾಳೆ ಹರಿದು, ದುಂಡಗಿನ ಅಕ್ಷರಗಳಲ್ಲಿ ಬರೆದು ತಂದಳು: "ಈ ಪೆಟ್ಟಿಗೆ ನಮ್ಮ ಅಪ್ಪನದು. ಲಂಡನ್ನಿನ ನಮ್ಮ ಅತ್ತೆಗೆ ಮುಟ್ಟಬೇಕು. ಸಿಕ್ಕವರು ದಯವಿಟ್ಟು ತಲುಪಿಸಿರಿ." ಕೆಳಗೆ ನನ್ನ ಮೊಬೈಲ್ ಸಂಖ್ಯೆ. ಆ ವಾರ ಶಾಲೆಯಲ್ಲಿ ಗುರುಗಳು ಕನ್ನಡ ಅಂಕಿಗಳನ್ನು ಬರೆಸಿದ್ದರಂತೆ. ಸಂಖ್ಯೆಯನ್ನೂ ಕನ್ನಡ ಅಂಕಿಗಳಲ್ಲಿಯೇ ಬರೆದಿದ್ದಳು.

ನಾನು ನಕ್ಕುಬಿಟ್ಟೆ. "ಲಂಡನ್ನಿನ್ಯಾಗ ಇದನ್ನ ಯಾರು ಓದ್ಯಾರವ್ವಾ?" ಎಂದೆ. ಅವಳು ಮಾತಾಡಲಿಲ್ಲ. ಅಜ್ಜಿಯ ಮುಖ ನೋಡಿದಳು. ಅಜ್ಜಿಯೇ ಆ ಚೀಟಿಯನ್ನು ಮಡಚಿ ಕೌದಿಯ ಪದರಿನಲ್ಲಿ ಇಟ್ಟಳು. ಇಪ್ಪತ್ತು ವರ್ಷ ನ್ಯಾಯಾಲಯದಲ್ಲಿ ಕಾಗದಪತ್ರಗಳ ಮಹತ್ವವನ್ನು ಇತರರಿಗೆ ಬೋಧಿಸಿದ ನಾನು, ಆ ಚೀಟಿಯ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಸೇರಿಸುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ಪೆಟ್ಟಿಗೆಯ ಒಂದು ಚಿತ್ರವನ್ನೂ ಮೊಬೈಲಿನಲ್ಲಿ ತೆಗೆದುಕೊಳ್ಳಲಿಲ್ಲ.

ಮುಂಬಯಿಯಲ್ಲಿ ಪೆಟ್ಟಿಗೆಯನ್ನು ತೂಕಕ್ಕೆ ಇಟ್ಟಾಗ ಅದರ ಹಿಡಿಕೆಗೆ ಉದ್ದನೆಯ ಕಾಗದದ ಪಟ್ಟಿಯೊಂದನ್ನು ಸುತ್ತಿ ಅಂಟಿಸಿದರು. ಅದರ ಮೇಲೆ ಹತ್ತು ಅಂಕಿಗಳ ಒಂದು ಸಂಖ್ಯೆ ಮತ್ತು ಗೆರೆಗಳ ಗುರುತು ಇರುತ್ತದೆ. ಹತ್ತರಲ್ಲಿ ಮೂರು ಅಂಕಿಗಳು ಯಾವ ವಿಮಾನ ಸಂಸ್ಥೆ ಎಂಬುದನ್ನು ಹೇಳಿದರೆ, ಕೊನೆಯ ಆರು ಆ ಪೆಟ್ಟಿಗೆಯ ಕ್ರಮಸಂಖ್ಯೆ. ಊರುಗಳಿಗೆ ಮೂರು ಮೂರು ಅಕ್ಷರಗಳ ಸಂಕೇತ: ಮುಂಬಯಿಗೆ ಬಿಒಎಂ, ಲಂಡನ್ನಿನ ಹೀಥ್ರೋಗೆ ಎಲ್‌ಎಚ್‌ಆರ್, ನಮ್ಮ ಸೊಲ್ಲಾಪುರಕ್ಕೂ ಎಸ್‌ಎಸ್‌ಇ ಎಂಬ ಸಂಕೇತವುಂಟು. ಪೆಟ್ಟಿಗೆ ಎಲ್ಲಿ ಇಳಿಯಬೇಕು, ಎಲ್ಲಿ ಏರಬೇಕು ಎಂಬುದೆಲ್ಲ ಆ ಪಟ್ಟಿಯಿಂದಲೇ ನಿರ್ಧಾರವಾಗುತ್ತದೆ. ಪಟ್ಟಿ ಹರಿದರೆ ಪೆಟ್ಟಿಗೆ ಹೆಸರಿಲ್ಲದ ಅನಾಥ ವಸ್ತುವಾಗುತ್ತದೆ. ಅದರ ಪ್ರತಿಯಾಗಿ ನಮ್ಮ ಕೈಗೆ ಕೊಡುವ ಚಿಕ್ಕ ಚೂರನ್ನು ಬಹಳ ಜನ ಕಸದ ಬುಟ್ಟಿಗೆ ಎಸೆಯುತ್ತಾರೆ. ಪುಣ್ಯಕ್ಕೆ ನಾನು ಅದನ್ನು ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡಿದ್ದೆ.

ಕೊಲ್ಲಿಯ ಒಂದು ನಗರದಲ್ಲಿ ವಿಮಾನ ಬದಲಾಯಿಸಬೇಕಾಗಿತ್ತು. ಅಲ್ಲಿ ನಮ್ಮ ವಿಮಾನ ತಡವಾಗಿ ಇಳಿಯಿತು. ನಾನು ಓಡಿ ಓಡಿ ಮುಂದಿನ ವಿಮಾನವನ್ನು ಹಿಡಿದೆ. ನನ್ನ ಪೆಟ್ಟಿಗೆ ಹಿಡಿಯಲಿಲ್ಲ. ಹೀಗೆ ವಿಮಾನ ಬದಲಾಗುವ ಎಡೆಯಲ್ಲಿಯೇ ಜಗತ್ತಿನಲ್ಲಿ ಅತಿ ಹೆಚ್ಚು ಪೆಟ್ಟಿಗೆಗಳು ದಾರಿ ತಪ್ಪುತ್ತವೆ ಎಂದು ಆ ಮೇಲೆ ಓದಿ ತಿಳಿದೆ. ವಿಮಾನ ನಿಲ್ದಾಣಗಳಿಗೆ ತಂತ್ರಜ್ಞಾನ ಒದಗಿಸುವ ಸೀಟಾ ಎಂಬ ಸಂಸ್ಥೆ ಪ್ರತಿವರ್ಷ ಇದರ ಲೆಕ್ಕ ಪ್ರಕಟಿಸುತ್ತದೆ. 2007ರಲ್ಲಿ ಸಾವಿರ ಪ್ರಯಾಣಿಕರಿಗೆ ಸುಮಾರು 19 ಪೆಟ್ಟಿಗೆಗಳು ತಡವಾಗಿಯೋ ಕೆಟ್ಟೋ ಕಳೆದೋ ಹೋಗುತ್ತಿದ್ದವು. 2024ರಲ್ಲಿ ಆ ಪ್ರಮಾಣ 6.3ಕ್ಕೆ ಇಳಿದಿದೆ. ಪೆಟ್ಟಿಗೆಯನ್ನು ಸ್ವೀಕರಿಸುವಾಗ, ವಿಮಾನಕ್ಕೆ ಏರಿಸುವಾಗ, ಒಂದು ವಿಮಾನದಿಂದ ಇನ್ನೊಂದಕ್ಕೆ ಒಪ್ಪಿಸುವಾಗ, ಕೊನೆಗೆ ಪ್ರಯಾಣಿಕನಿಗೆ ಮರಳಿಸುವಾಗ, ಹೀಗೆ ನಾಲ್ಕು ಎಡೆಗಳಲ್ಲಿ ದಾಖಲೆ ಇಡಬೇಕೆಂಬ ನಿಯಮವನ್ನು ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಘ 2018ರಿಂದ ಜಾರಿಗೆ ತಂದಿದೆ. ಸುಧಾರಣೆಯಾಗಿದೆ, ನಿಜ. ಆದರೆ ಸಾವಿರದಲ್ಲಿ ಆರರೊಳಗೆ ನಾವು ಸೇರಿದಾಗ ಈ ಲೆಕ್ಕ ಯಾವ ಸಮಾಧಾನವನ್ನೂ ಕೊಡುವುದಿಲ್ಲ.

ಹೀಥ್ರೋದಲ್ಲಿ ಸಾಮಾನಿನ ಪಟ್ಟಾ ಸುತ್ತುತ್ತಲೇ ಇತ್ತು. ಜೊತೆಗೆ ಬಂದವರೆಲ್ಲ ತಮ್ಮ ತಮ್ಮ ಪೆಟ್ಟಿಗೆಗಳನ್ನು ಎತ್ತಿಕೊಂಡು ಹೊರಟುಹೋದರು. ಕೊನೆಗೆ ಯಾರದೋ ಒಂದು ಮಗುವಿನ ತಳ್ಳುಗಾಡಿ ಮಾತ್ರ ನಾಲ್ಕಾರು ಸುತ್ತು ತಿರುಗಿತು; ಅದನ್ನೂ ಯಾರೋ ಒಯ್ದರು. ಪಟ್ಟಾ ನಿಂತಿತು. ಹೊರಗೆ ತಂಗಿಯ ಗಂಡ ಕಾಯುತ್ತಿದ್ದರು. ನನ್ನ ಮೈಮೇಲೆ ಒಂದು ತೆಳು ಸ್ವೆಟರು, ಹೆಗಲಿಗೆ ಕಾಗದಪತ್ರಗಳ ಚೀಲ. ಅಷ್ಟೇ.

ಸಾಮಾನು ವಿಚಾರಣೆಯ ಕಟ್ಟೆಯಲ್ಲಿದ್ದ ಹೆಣ್ಣುಮಗಳು ಸೌಜನ್ಯದಿಂದಲೇ ಮಾತಾಡಿದಳು. ಪೆಟ್ಟಿಗೆಗಳ ನಮೂನೆಗಳಿರುವ ಒಂದು ಚಿತ್ರಪಟವನ್ನು ಮುಂದಿಟ್ಟು, "ನಿಮ್ಮದು ಇದರಲ್ಲಿ ಯಾವುದು?" ಎಂದಳು. ಕಪ್ಪು ಬಣ್ಣ, ನಿಲ್ಲಿಸಿ ಎಳೆಯುವ ಬಗೆ, ಎರಡು ಗಾಲಿ. ನಾನು ಬೊಟ್ಟಿಟ್ಟು ತೋರಿಸಿದ ಚಿತ್ರದಂಥ ಪೆಟ್ಟಿಗೆಗಳು ಅದೇ ಹಜಾರದಲ್ಲಿ ಕಡಿಮೆಯೆಂದರೂ ಇಪ್ಪತ್ತು ಬಿದ್ದಿದ್ದವು. ಒಳಗೆ ಏನಿತ್ತು ಎಂದು ಕೇಳಿದಳು. ಬಟ್ಟೆ, ತಿಂಡಿ ಎಂದೆ. ಕೌದಿಯ ಮಾತು ಬಂದಾಗ ನಾಲಿಗೆ ತಡವರಿಸಿತು. ಮರಾಠಿಯವರಿಗಾದರೆ ಗೋಧಡಿ ಎಂದರೆ ಸಾಕು. ಇಂಗ್ಲಿಷಿನಲ್ಲಿ ಕ್ವಿಲ್ಟ್ ಎಂದೆ. ಅವಳು ಹಾಗೆಯೇ ಬರೆದುಕೊಂಡಳು. ಅದು ಅಂಗಡಿಯಲ್ಲಿ ಸಿಗುವ ಹತ್ತಿಯ ಹೊದಿಕೆ ಎಂಬ ಕಲ್ಪನೆ ಅವಳಿಗೆ ಬಂದಿರಬೇಕು. ದೂರಿನ ಸಂಖ್ಯೆಯಿದ್ದ ಒಂದು ಕಾಗದವನ್ನು ಕೊಟ್ಟು, ಹುಡುಕಿ ತಿಳಿಸುತ್ತೇವೆ ಎಂದಳು.

ಆ ರಾತ್ರಿ ತಂಗಿಯ ಮನೆಯಲ್ಲಿ ನಿದ್ದೆ ಬರಲಿಲ್ಲ. ವಕೀಲನಾದವನಿಗೆ ನಿದ್ದೆ ಬಾರದಿದ್ದರೆ ಕಾಯಿದೆ ನೆನಪಾಗುತ್ತದೆ. ವಿಮಾನ ಪ್ರಯಾಣದ ಹೊಣೆಗಾರಿಕೆಯನ್ನು ಕುರಿತು 1929ರಲ್ಲಿ ವಾರ್ಸಾದಲ್ಲಿ ಒಂದು ಒಪ್ಪಂದವಾಯಿತು. ಅದರಲ್ಲಿ ಕಳೆದ ಸಾಮಾನಿನ ಪರಿಹಾರವನ್ನು ತೂಕದ ಮೇಲೆ ಲೆಕ್ಕ ಹಾಕುತ್ತಿದ್ದರು, ಕಿಲೋಗೆ ಇಷ್ಟೆಂದು. 1999ರ ಮೇ 28ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಆದ ಹೊಸ ಒಪ್ಪಂದ ತೂಕದ ಲೆಕ್ಕವನ್ನು ಬಿಟ್ಟು, ಒಬ್ಬ ಪ್ರಯಾಣಿಕನಿಗೆ ಇಂತಿಷ್ಟರವರೆಗೆ ಎಂಬ ಮಿತಿಯನ್ನು ಹಾಕಿತು. ನಮ್ಮ ದೇಶ 1972ರ ವಿಮಾನ ಸಾಗಣೆ ಅಧಿನಿಯಮಕ್ಕೆ ತಿದ್ದುಪಡಿ ಮಾಡಿ 2009ರಲ್ಲಿ ಈ ಒಪ್ಪಂದವನ್ನು ಸೇರಿತು. 2024ರ ಡಿಸೆಂಬರ್ 28ರಿಂದ ಆ ಮಿತಿ 1519 ಎಸ್‌ಡಿಆರ್. ಎಸ್‌ಡಿಆರ್ ಎಂಬುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ಡಾಲರು, ಯೂರೋ, ಪೌಂಡು, ಯೆನ್, ಚೀನದ ಯುವಾನ್ ಈ ಐದು ನಾಣ್ಯಗಳ ಮೇಲೆ ಅದರ ಬೆಲೆ ನಿಲ್ಲುತ್ತದೆ. ನಮ್ಮ ರೂಪಾಯಿಯಲ್ಲಿ ಸ್ಥೂಲವಾಗಿ ಒಂದೂಮುಕ್ಕಾಲು ಲಕ್ಷದ ಆಸುಪಾಸು ಆಗುತ್ತದೆ.

ಆದರೆ ಇದು ಗರಿಷ್ಠ ಮಿತಿ ಮಾತ್ರ. ಕಳೆದ ವಸ್ತುವಿನ ಬೆಲೆಯನ್ನು ನಾವೇ ಸಿದ್ಧಪಡಿಸಬೇಕು. ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಹೊಲಿದ ಹೊದಿಕೆಗೆ ಯಾವ ರಸೀತಿ? ಎದುರು ಪಕ್ಷದ ವಕೀಲನಾಗಿ ನಾನೇ ನಿಂತಿದ್ದರೆ, "ಹಳೆಯ ಬಟ್ಟೆಗಳು, ಮಾರುಕಟ್ಟೆಯ ಬೆಲೆ ಇಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ. ಬೆಲೆಬಾಳುವ ವಸ್ತುವಿದ್ದರೆ ಪೆಟ್ಟಿಗೆ ಒಪ್ಪಿಸುವಾಗಲೇ ವಿಶೇಷ ಘೋಷಣೆ ಮಾಡಿ, ಹೆಚ್ಚಿನ ಶುಲ್ಕ ಕಟ್ಟಿ ಮಿತಿಯನ್ನು ಏರಿಸಿಕೊಳ್ಳಲು ಒಪ್ಪಂದದಲ್ಲಿ ಅವಕಾಶವಿದೆ. ಅವ್ವನ ಐದು ತಿಂಗಳನ್ನು ಯಾವ ನಮೂನೆಯಲ್ಲಿ ಘೋಷಿಸಬೇಕಿತ್ತು? ಅಂಥದನ್ನು ಕೈಚೀಲದಲ್ಲಿ ತರಬೇಕಿತ್ತು. ಅಷ್ಟು ಸರಳವಾದ ಉತ್ತರ ಆಗ ಹೊಳೆಯಿತು, ಬೇಕಾದಾಗ ಹೊಳೆಯಲಿಲ್ಲ.

ಎರಡು ದಿನ ಅವ್ವನಿಗೆ ತಿಳಿಸಲಿಲ್ಲ. ಮೂರನೆಯ ದಿನ ಅವಳೇ ಫೋನು ಮಾಡಿ, "ಕೌದಿ ಹೊಚ್ಚಿದ್ರೇನು? ಒಂದು ಫೋಟೋ ಕಳಿಸವಲ್ಲಿರಿ" ಎಂದಳು. ತಂಗಿ ನನ್ನ ಮುಖ ನೋಡಿದಳು. ಹೇಳದೆ ಗತಿ ಇರಲಿಲ್ಲ. ಅವ್ವ ಕ್ಷಣಹೊತ್ತು ಸುಮ್ಮನಾದಳು. ಬಯ್ಯಲಿಲ್ಲ. "ಅವರು ಹುಡುಕತಾರಲ್ಲ, ಏನಂತ ಹೇಳಿದಿ ಅವರಿಗೆ?" ಎಂದು ಕೇಳಿದಳು. ಕರಿ ಪೆಟ್ಟಿಗೆ, ಒಳಗೆ ಒಂದು ಹೊದಿಕೆ ಎಂದು ಹೇಳಿದ್ದೇನೆ ಎಂದೆ.

"ಇಷ್ಟು ಹೇಳಿದರ ಯಾರಿಗೆ ಸಿಗತದ ತಮ್ಮಾ? ಬರಕೋ, ನಾ ಹೇಳತೀನಿ. ಒಳಮೈ ನಿಮ್ಮಪ್ಪನ ಎರಡು ಧೋತರ. ನಡುವ ನನ್ನ ಮದಿವಿ ಇಳಕಲ್ ಸೀರಿ ಸೆರಗು, ಕೆಂಪು, ಟೋಪ ತೆನಿ ಅದ. ಅದರ ಸುತ್ತ ನಿನ್ನ ತಂಗಿ ಸಾಲಿ ಯುನಿಫಾರ್ಮಿನ ನೀಲಿ ಲಂಗ, ಚೌಕ ಚೌಕ ಎಂಟು ತುಣುಕು. ಬಲಗಡಿ ಮೂಲ್ಯಾಗ ಕರೇದು ಒಂದು ತುಣುಕದ, ಅದು ನಿನ್ನ ಮೊದಲನೇ ಕೋಟಿಂದು. ಎಲ್ಲಾ ಬಿಳಿ ದಾರದ ಹೊಲಿಗಿ. ಕಡೀಕ ದಾರ ತೀರಿತ್ತು, ಅರ್ಧ ಸಾಲು ಹಳದಿ ದಾರದ್ದು. ಮತ್ತ ಪದರಿನ್ಯಾಗ ಕೂಸಿನ ಚೀಟಿ ಅದ, ಮರತಿ ಏನು?"

ನಾನು ಬರೆದುಕೊಳ್ಳುತ್ತ ಹೋದೆ. ಚೀಟಿಯನ್ನು ನಿಜವಾಗಿಯೂ ಮರೆತಿದ್ದೆ. ಒಡವೆ ಕಳವಿನ ಪ್ರಕರಣಗಳಲ್ಲಿ, "ಇದು ನಿಮ್ಮದೇ ಎನ್ನುವುದಕ್ಕೆ ಗುರುತೇನು?" ಎಂದು ಸಾಕ್ಷಿದಾರರನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ನನ್ನ ಅನುಭವದಲ್ಲಿ ಇಷ್ಟು ಸ್ಪಷ್ಟವಾದ ಗುರುತನ್ನು ಹೇಳಿದ ಸಾಕ್ಷಿಯಿಲ್ಲ. ಸಹಿಯನ್ನಷ್ಟೇ ಮಾಡಬಲ್ಲ ಮುದುಕಿ, ಐದು ತಿಂಗಳ ಕೆಲಸವನ್ನು ಒಂದೊಂದು ತುಣುಕಿನಂತೆ ಬಿಡಿಸಿ ಹೇಳಿದಳು. ನನ್ನ ಕಣ್ಣಮುಂದೆ ಮಡಚಿಟ್ಟ ವಸ್ತುವನ್ನು ನಾನು ಒಂದೇ ಶಬ್ದದಲ್ಲಿ ಮುಗಿಸಿದ್ದೆ. ಆ ರಾತ್ರಿಯೇ ಎಲ್ಲವನ್ನೂ ಇಂಗ್ಲಿಷಿಗೆ ತಂದು, ದೂರಿನ ಸಂಖ್ಯೆಯನ್ನು ಮೇಲೆ ಬರೆದು, ವಿಮಾನ ಸಂಸ್ಥೆಗೆ ಮಿಂಚಂಚೆ ಕಳಿಸಿದೆ. ಕೊನೆಯಲ್ಲಿ, "ಹೊದಿಕೆಯ ಮಡಿಕೆಯಲ್ಲಿ ಗೆರೆಹಾಳೆಯ ಮೇಲೆ ಕೈಯಲ್ಲಿ ಬರೆದ ಚೀಟಿಯಿದೆ, ಲಿಪಿ ಕನ್ನಡ, ಅಕ್ಷರಗಳು ದುಂಡಗಿವೆ" ಎಂದು ಸೇರಿಸಿದೆ. ಕನ್ನಡ ಎಂದರೇನೆಂದು ಅವರಿಗೆ ತಿಳಿಯಲೆಂದು ವರ್ಣಮಾಲೆಯ ಮೊದಲ ಸಾಲನ್ನು ಕಾಗದದಲ್ಲಿ ಬರೆದು, ಅದರ ಚಿತ್ರವನ್ನೂ ಜೋಡಿಸಿದೆ.

ಶನಿವಾರ ತಂಗಿಯ ಗಂಡ ನನ್ನನ್ನು ಥೇಮ್ಸ್ ನದಿಯ ದಂಡೆಗೆ ಕರೆದುಕೊಂಡು ಹೋದರು. ಅಲ್ಲಿ ಲ್ಯಾಂಬೆತ್‌ನಲ್ಲಿ, ಪಾರ್ಲಿಮೆಂಟ್ ಭವನ ಕಾಣುವ ದಂಡೆಯ ಮೇಲೆ ಬಸವಣ್ಣನವರ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಅದರ ಸ್ಥಾಪನೆಗೆ ಶ್ರಮಿಸಿದವರು ಕಲಬುರಗಿ ಜಿಲ್ಲೆಯಿಂದ ಹೋಗಿ ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲರು. ಎರವಲು ಕೋಟು ತೊಟ್ಟು, ಚಳಿಗಾಳಿಯಲ್ಲಿ ನಾನು ಬಹಳ ಹೊತ್ತು ಅಲ್ಲಿ ನಿಂತೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮ ಇದೇ ಬಸವಣ್ಣನ ಕಲ್ಯಾಣಕ್ಕೆ ನಡೆದುಹೋದವನು. ಸಂಕ್ರಾಂತಿಯ ಗಡ್ಡೆಯ ಜಾತ್ರೆ ಮುಗಿದು ಆಗ ತಿಂಗಳಷ್ಟೇ ಆಗಿತ್ತು. ಎತ್ತರದ ನಂದಿಧ್ವಜಗಳು ಸೊಲ್ಲಾಪುರದ ಓಣಿಗಳಲ್ಲಿ ಹಾದುಹೋದದ್ದು ಕಣ್ಣಿಗೆ ಕಟ್ಟಿದಂತಿತ್ತು. ಅದೇ ಸೊಲ್ಲಾಪುರದಲ್ಲಿ ಹುಟ್ಟಿ, ಮರಾಠಿಯಲ್ಲಿ ಶಾಲೆ ಕಲಿತು, ಕನ್ನಡವನ್ನು ತಾವಾಗಿಯೇ ಕಲಿತು, ಸಿದ್ಧರಾಮನನ್ನು ಕುರಿತು ಮಹಾಕಾವ್ಯ ಬರೆದು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದ ಜಯದೇವಿತಾಯಿ ಲಿಗಾಡೆಯವರೂ ನೆನಪಾದರು. ಅವರು ಇಷ್ಟು ಶ್ರಮಪಟ್ಟು ಗಳಿಸಿಕೊಂಡ ಅಕ್ಷರಗಳನ್ನು ನೋಡಿಯೇ ನಾನು ನಕ್ಕಿದ್ದೆ. ಮಗಳು ಅಂದು ಉತ್ತರ ಕೊಡದೆ ಅಜ್ಜಿಯ ಮುಖ ನೋಡಿದ್ದು ಮತ್ತೆ ಮತ್ತೆ ಎದುರಿಗೆ ಬಂತು.

ಭಾನುವಾರ ಕೂಸನ್ನು ತೊಟ್ಟಿಲಿಗೆ ಹಾಕಿದೆವು. ಕೌದಿ ಇರಲಿಲ್ಲ. ಅಲ್ಲಿಯ ಅಂಗಡಿಯಿಂದ ತಂದ ಮೆತ್ತನೆಯ ಹೊದಿಕೆಯನ್ನು ಹಾಸಿದೆವು. ನೆರೆಯ ಕನ್ನಡ ಮನೆಗಳಿಂದ ನಾಲ್ವರು ಹೆಣ್ಣುಮಕ್ಕಳು ಬಂದು ಜೋಗುಳ ಹಾಡಿದರು. ಅವ್ವ ಅಕ್ಕಲಕೋಟದಿಂದ ಮೊಬೈಲಿನ ಪರದೆಯ ಮೇಲೆ ನೋಡುತ್ತಿದ್ದಳು. ಕೂಸಿನ ಕಿವಿಯಲ್ಲಿ ಹೆಸರು ಹೇಳಿದ ಮೇಲೆ ತಂಗಿ ಒಳಗೆ ಹೋಗಿ ಒಂದಿಷ್ಟು ಹೊತ್ತು ಹೊರಗೆ ಬರಲಿಲ್ಲ. ನಾನು ಅವಳನ್ನು ಕರೆಯಲೂ ಇಲ್ಲ.

ಇಳಿದ ದಿನದಿಂದ ಎಂಟನೆಯ ದಿನ ಒಂದು ಮಿಂಚಂಚೆ ಬಂತು. ಜೊತೆಗೆ ಒಂದು ಚಿತ್ರ. "ಇದು ನೀವು ಹೇಳಿದ ಲಿಪಿಯೇ?" ಎಂಬ ಒಂದೇ ಪ್ರಶ್ನೆ. ಚಿತ್ರದಲ್ಲಿ ಮಗಳ ಗೆರೆಹಾಳೆ ಇತ್ತು. "ಈ ಪೆಟ್ಟಿಗೆ ನಮ್ಮ ಅಪ್ಪನದು." ಮಡಿಕೆಯ ಗೆರೆಯ ಬಳಿ ಸ್ವಲ್ಪ ಎಣ್ಣೆಯ ಕಲೆ. ತಂಗಿ ಓದಿ ಅತ್ತಳು, ನಾನು ಓದಲಾರದೆ ಫೋನನ್ನು ಅವಳ ಕೈಗೆ ಕೊಟ್ಟೆ.

ನಡೆದದ್ದಿಷ್ಟು. ಪೆಟ್ಟಿಗೆಯ ಹಿಡಿಕೆ ಕಿತ್ತುಹೋಗಿತ್ತು. ಹಿಡಿಕೆಯ ಜೊತೆಗೆ ಪಟ್ಟಿಯೂ ಹೋಗಿತ್ತು. ವಿಮಾನ ಬದಲಾಯಿಸಿದ ಊರಿನಲ್ಲಿ ಅದು ಗುರುತಿಲ್ಲದ ಪೆಟ್ಟಿಗೆಗಳ ಸಾಲಿನಲ್ಲಿ ನಿಂತಿತ್ತು. ಅಂಥ ಪೆಟ್ಟಿಗೆಗಳನ್ನು ಕೆಲವು ದಿನಗಳ ಮೇಲೆ ತೆರೆದು, ಒಳಗಿನ ವಸ್ತುಗಳ ಪಟ್ಟಿ ಮಾಡಿ, ಪ್ರಯಾಣಿಕರು ದೂರಿನಲ್ಲಿ ಹೇಳಿದ ವಿವರಗಳೊಂದಿಗೆ ಹೋಲಿಸಿ ನೋಡುತ್ತಾರೆ. ಅಲ್ಲಿ ಕಪ್ಪು ಪೆಟ್ಟಿಗೆಗಳು ಅನೇಕವಿದ್ದವು. ನಡುವೆ ಕೆಂಪು ಸೆರಗು, ಸುತ್ತ ನೀಲಿ ಚೌಕ, ಮೂಲೆಯಲ್ಲಿ ಕರಿಯ ತುಣುಕು, ಮಡಿಕೆಯಲ್ಲಿ ದುಂಡಗಿನ ಅಕ್ಷರಗಳ ಚೀಟಿ ಇದ್ದುದು ಒಂದೇ.

ಆದರೂ ಓದುಗರಿಗೆ ಒಂದು ಮಾತನ್ನು ಮರೆಮಾಚಬಾರದು. ಆ ಚೀಟಿಯನ್ನು ಅಲ್ಲಿ ಯಾರೂ ಓದಲಿಲ್ಲ. ಸಂಖ್ಯೆಯನ್ನೂ ಯಾರೂ ಅಂಕಿಗಳೆಂದು ಗುರುತಿಸಲಿಲ್ಲ. ಅದರ ಕೆಳಗೆ ಇಂಗ್ಲಿಷ್ ಅಂಕಿಗಳಲ್ಲಿ ಅದೇ ಸಂಖ್ಯೆ ಇದ್ದಿದ್ದರೆ ಪೆಟ್ಟಿಗೆ ತೆರೆದ ದಿನವೇ ನನಗೆ ಕರೆ ಬರುತ್ತಿತ್ತು; ಬಹುಶಃ ತೊಟ್ಟಿಲ ದಿನಕ್ಕೆ ಕೌದಿ ಮುಟ್ಟುತ್ತಿತ್ತು. ಆ ತಪ್ಪು ಆರನೆಯ ತರಗತಿಯ ಹುಡುಗಿಯದಲ್ಲ. ಎರಡೂ ಲಿಪಿ ಬಲ್ಲ ತಂದೆ ನಗುವುದನ್ನು ಬಿಟ್ಟು ಪೆನ್ನು ಎತ್ತಬೇಕಿತ್ತು.

ಹನ್ನೊಂದನೆಯ ದಿನ, ಶುಕ್ರವಾರ ಸಂಜೆ, ಒಂದು ಗಾಡಿಯವನು ಪೆಟ್ಟಿಗೆಯನ್ನು ಬಾಗಿಲಿಗೆ ತಂದ. ಒಂದು ಗಾಲಿ ಮುರಿದಿತ್ತು, ಹಿಡಿಕೆ ಇರಲಿಲ್ಲ, ಸುತ್ತಲೂ ಪ್ಲಾಸ್ಟಿಕ್ ಪಟ್ಟಿ ಬಿಗಿದಿದ್ದರು. ಒಂದು ಚಟ್ನಿಯ ಪೊಟ್ಟಣ ಒಡೆದಿತ್ತು. ಕೌದಿಯ ಒಂದು ಅಂಚಿಗೆ ಗುರೆಳ್ಳಿನ ವಾಸನೆ ಹತ್ತಿತ್ತು. ತಂಗಿ ಒಗೆಯಲು ಒಪ್ಪಲಿಲ್ಲ. ಎಂಟು ನೀಲಿ ತುಣುಕುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, "ಅಣ್ಣಾ, ಈ ಲಂಗ ಇನ್ನೂ ಇತ್ತೇನು?" ಎಂದಳು. ಕೂಸನ್ನು ಅದರ ಮೇಲೆ ಮಲಗಿಸಿ ಫೋಟೋ ತೆಗೆದು ಅವ್ವನಿಗೆ ಕಳಿಸಿದಳು.

ಇನ್ನು ಮಕ್ಕಳು ಹೊರದೇಶದಲ್ಲಿರುವ, ಒಂದಲ್ಲ ಒಂದು ದಿನ ಪೆಟ್ಟಿಗೆ ಕಟ್ಟಬೇಕಾದ ನಮ್ಮ ಕುಟುಂಬಗಳಿಗೆ ವಕೀಲನಾಗಿ ನಾಲ್ಕು ಮಾತು. ಪೆಟ್ಟಿಗೆ ಬಾರದಿದ್ದರೆ ಆ ಹಜಾರವನ್ನು ಬಿಟ್ಟು ಹೊರಬರುವ ಮುನ್ನವೇ ಲಿಖಿತ ದೂರು ಕೊಟ್ಟು ಅದರ ಸಂಖ್ಯೆಯನ್ನು ಪಡೆಯಬೇಕು. ತುರ್ತಿಗೆ ಕೊಂಡ ಬಟ್ಟೆಬರೆಗಳ ರಸೀತಿಗಳನ್ನು ಇಟ್ಟುಕೊಳ್ಳಬೇಕು. ಪೆಟ್ಟಿಗೆ ಕೆಟ್ಟು ಬಂದರೆ ಕೈಗೆ ಸಿಕ್ಕ 7 ದಿನಗಳೊಳಗೆ, ತಡವಾಗಿ ಬಂದರೆ ಸಿಕ್ಕ 21 ದಿನಗಳೊಳಗೆ ವಿಮಾನ ಸಂಸ್ಥೆಗೆ ಬರಹದಲ್ಲಿ ಆಕ್ಷೇಪಣೆ ಸಲ್ಲಿಸಲೇಬೇಕು; ಬಾಯಿಮಾತು ಸಾಲದು, ಅವಧಿ ಮೀರಿದರೆ ಹಕ್ಕೇ ಹೋಗುತ್ತದೆ. ಬರಬೇಕಾದ ದಿನದಿಂದ 21 ದಿನ ಕಳೆದರೂ ಬಾರದ ಪೆಟ್ಟಿಗೆಯನ್ನು ಕಳೆದುಹೋದದ್ದೆಂದೇ ಭಾವಿಸಿ ಪರಿಹಾರ ಕೇಳಬಹುದು. ದಾವೆ ಹೂಡಲು ಎರಡು ವರ್ಷಗಳ ಅವಧಿಯಿದೆ. ಹೋಗಿಬರುವ ಟಿಕೇಟಾಗಿದ್ದರೆ ಪ್ರಯಾಣದ ಕೊನೆಯ ಗಮ್ಯ ಹೊರಟ ದೇಶವೇ ಎಂದು ಪರಿಗಣಿತವಾಗುವುದರಿಂದ ಭಾರತದಲ್ಲಿಯೇ ದಾವೆ ನಡೆಸಲು ದಾರಿಯಿದೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗಕ್ಕೇ ಹೋಗಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ.

ನನ್ನ ಮಟ್ಟಿಗೆ ಆಯೋಗದವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಕೋಟು, ಸ್ವೆಟರು, ಒಳ ಉಡುಪುಗಳಿಗೆ 184 ಪೌಂಡು ಖರ್ಚಾಗಿತ್ತು. ಪೆಟ್ಟಿಗೆ ಸಿಕ್ಕ ನಾಲ್ಕನೆಯ ದಿನ ಮುರಿದ ಗಾಲಿಯ ಚಿತ್ರವನ್ನೂ ರಸೀತಿಗಳನ್ನೂ ಸೇರಿಸಿ ಒಂದೇ ಪತ್ರ ಬರೆದೆ. ಎರಡು ಸಲ ನೆನಪಿಸಿದ ಮೇಲೆ ಹೆಚ್ಚುಕಡಿಮೆ ಅಷ್ಟೂ ಹಣ ಬಂತು. ಕೌದಿ ಇಲ್ಲದ ಆ ಭಾನುವಾರಕ್ಕೆ ನಾನು ಏನನ್ನೂ ಕೇಳಲಿಲ್ಲ. ಕೇಳುವ ಕಲಮು ಒಪ್ಪಂದದಲ್ಲಿ ಇಲ್ಲ.

ಮೂರು ವಾರಗಳ ಮೇಲೆ ಊರಿಗೆ ಮರಳಿದೆ. ಬೆಳಗಿನ ಹೊತ್ತಿನಲ್ಲಿ ಅಕ್ಕಲಕೋಟದ ಬಸ್ ನಿಲ್ದಾಣದಲ್ಲಿ ಇಳಿದಾಗ ಮಗಳು ಶಾಲೆಯ ಉಡುಪಿನಲ್ಲಿಯೇ ಬಂದು ನಿಂತಿದ್ದಳು. ಮನೆಗೆ ನಡೆಯುವಾಗ ನಾನೇ ಮಾತು ತೆಗೆದೆ. "ನಿನ್ನ ಚೀಟಿಯಿಂದ ಪೆಟ್ಟಿಗಿ ಸಿಕ್ಕಿತು. ಅವತ್ತು ನಾ ನಗಬಾರದಿತ್ತು" ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಅಪ್ಪಾ, ಅವರಿಗೆ ಓದಾಕ ಬರಲಿಲ್ಲಂತ ಅತ್ತಿ ಹೇಳಿದಳು. ಮುಂದಿನ ಸಲ ಕೆಳಗ ಇಂಗ್ಲಿಷಿನ್ಯಾಗ ನೀ ಬರಿ, ಮ್ಯಾಲ ನಾ ಬರೀತೀನಿ" ಎಂದಳು.

ಈಗ ಅವ್ವನ ಮೊಣಕಾಲಿಗೆ ಚಿಕಿತ್ಸೆಯಾಗಿದೆ. ಮೊಮ್ಮಗಳನ್ನು ನೋಡಲು ತಾನೇ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೇವೆ. ಪೆಟ್ಟಿಗೆ ಇನ್ನೂ ಅಟ್ಟದ ಮೇಲಿದೆ. ಚೀಟಿ ಮಾತ್ರ ಸಿದ್ಧವಾಗಿದೆ: ಮೇಲೆ ದುಂಡಗಿನ ಕನ್ನಡ ಅಕ್ಷರಗಳು, ಕೆಳಗೆ ನನ್ನ ವಕೀಲಿ ಇಂಗ್ಲಿಷ್, ಸಂಖ್ಯೆ ಎರಡೂ ಅಂಕಿಗಳಲ್ಲಿ. ಮೊನ್ನೆ ಅವ್ವ ಅದನ್ನು ಕೈಯಲ್ಲಿ ಹಿಡಿದು, "ಏನು ಬರದೀರಿ, ಒಂದು ಸಲ ಓದ್ರಿ ನೋಡೋಣ" ಎಂದಳು. ಮಗಳು ಮೇಲಿನ ಸಾಲುಗಳನ್ನು ಓದಿದಳು. ಕೆಳಗಿನದನ್ನು ಓದಲು ನನ್ನ ಕಡೆಗೆ ಚಾಚಿದಳು.